ಶರಣಗೋಷ್ಠಿಯ ಶರತ್ಕಾಲ: ನೀಲಮ್ಮನವರ ವಚನಗಳಲ್ಲಿ ಪ್ರಕೃತಿಯ ಪರಿಣತಿ

(೧)

ವಚನವಾಙ್ಮಯದ ಇತಿಹಾಸವನ್ನು ನಿರೂಪಿಸುವವರು ಕಲ್ಯಾಣದ ವಿಪ್ಲವವನ್ನು ಒಂದು ಗಡಿಗಲ್ಲನ್ನಾಗಿ ನಿಲ್ಲಿಸಿಕೊಳ್ಳುವುದು ರೂಢಿ. ಕ್ರಿ. ಶ. ೧೧೬೭ರ ಸುಮಾರಿಗೆ ನಡೆದ ಆ ವಿಪ್ಲವಕ್ಕೆ ಹಿಂದಿನದು ಉತ್ಕರ್ಷದ ಕಾಲ, ಮುಂದಿನದು ಚದುರಿಹೋದ ಕಾಲ. ಹಿಂದಿನದರಲ್ಲಿ ಸೃಷ್ಟಿಯೂ ಮುಂದಿನದರಲ್ಲಿ ಸ್ಮರಣೆ ಶೋಕಗಳೂ ಪ್ರಧಾನವೆಂಬ ವಿಭಾಗವು ಪಾಠಪ್ರವಚನಗಳಲ್ಲಿಯೂ ನೆಲೆಗೊಂಡಿದೆ. ಈ ವಿಭಾಗದಿಂದ ಹೆಚ್ಚು ಅನ್ಯಾಯಕ್ಕೆ ಗುರಿಯಾದವರು ಬಸವಣ್ಣನವರ ಧರ್ಮಪತ್ನಿ ನೀಲಮ್ಮನವರು. ನೀಲಾಂಬಿಕೆ, ನೀಲಲೋಚನೆ ಎಂಬ ಹೆಸರುಗಳೂ ಇವರಿಗುಂಟು. ‘ಸಂಗಯ್ಯ’ ಎಂಬ ಅಂಕಿತದಲ್ಲಿ ಇವರ ನೂರಕ್ಕೆ ಮಿಕ್ಕ ವಚನಗಳು ದೊರೆತಿವೆ. ಹೀಗಿದ್ದರೂ ಇವರ ಹೆಸರು ಬರುವುದು ಬಸವಣ್ಣನವರ ಚರಿತ್ರೆಯ ಕಡೆಯ ಪುಟದಲ್ಲಿಯೇ ಹೊರತು ವಚನಕಾರರ ಮೊದಲ ಸಾಲಿನಲ್ಲಲ್ಲ.

ಇವರ ವಚನಗಳ ಮೇಲೆ ಹೊರಿಸಲ್ಪಡುವ ದೋಷಗಳು ಮುಖ್ಯವಾಗಿ ಎರಡು. ಬಸವಣ್ಣನವರಲ್ಲಿಯೂ ಅಕ್ಕಮಹಾದೇವಿಯವರಲ್ಲಿಯೂ ಅಲ್ಲಮಪ್ರಭುಗಳಲ್ಲಿಯೂ ತುಂಬಿರುವ ಮರ, ಹೊಳೆ, ಹಕ್ಕಿ, ಮೋಡಗಳ ಸಂಪತ್ತು ಇಲ್ಲಿ ಬತ್ತಿಹೋಗಿದೆ ಎಂಬುದು ಮೊದಲನೆಯದು. ಉಳಿದಿರುವುದು ಅಗಲಿದ ಪತಿಯನ್ನು ಕುರಿತ ಪ್ರಲಾಪ ಎಂಬುದು ಎರಡನೆಯದು. ಒಂದು ಗೋಷ್ಠಿಯ ಶರತ್ಕಾಲವೆಂದರೆ ಅದರ ಇಳಿಗಾಲ ಎಂಬ ಭಾವನೆಯೇ ಈ ಎರಡು ದೋಷಾರೋಪಣೆಗಳಿಗೂ ಮೂಲ. ಆ ಭಾವನೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ವಿಚಾರಕ್ಕೆ ನೆಲೆಯಾಗಿ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನ ತಂಗಡಗಿಯನ್ನು ಇಟ್ಟುಕೊಳ್ಳಲಾಗಿದೆ. ಕೃಷ್ಣೆಯ ಉತ್ತರ ದಡದ ಈ ಗ್ರಾಮವು ನೀಲಮ್ಮನವರ ಐಕ್ಯಸ್ಥಳವೆಂದು ಸಂಪ್ರದಾಯಪ್ರಸಿದ್ಧವಾಗಿದೆ. ಬಸವಣ್ಣನವರ ಹಡಪದ ಸೇವೆಯಲ್ಲಿದ್ದ ಅಪ್ಪಣ್ಣನವರ ನೆನಪೂ ಇಲ್ಲಿಯೇ ನಿಂತಿರುವುದು.

(೨)

ಮೊದಲು ಶರತ್ತೆಂಬ ಶಬ್ದದ ವಿಚಾರ. ಓಷಧಿಗಳು ಮಾಗಿ ಶೀರ್ಣವಾಗುವ ಕಾಲವೆಂದು ಶಾಬ್ದಿಕರು ಇದಕ್ಕೆ ನಿರ್ವಚನ ಹೇಳುವರು. ಶೀರ್ಣವಾಗುವುದೆಂದರೆ ಇಲ್ಲಿ ಕೆಡುವುದಲ್ಲ, ಪಕ್ವವಾಗಿ ಬಿಡುಗಡೆಗೊಳ್ಳುವುದು. ವೇದದಲ್ಲಿ ಈ ಶಬ್ದವು ಸಂವತ್ಸರಕ್ಕೇ ಪರ್ಯಾಯವಾಗಿ ನಿಂತಿದೆ. ನೂರು ವರ್ಷ ಬಾಳಬೇಕೆಂಬ ಪ್ರಾರ್ಥನೆಯನ್ನು ಋಷಿಗಳು ನೂರು ಶರತ್ತುಗಳನ್ನು ಕಾಣುವಂತಾಗಲೆಂದೇ ಮಾಡಿದ್ದಾರೆ. ಇಳಿಗಾಲದ ಸೂಚನೆಯಿದ್ದ ಋತುವಿನಿಂದ ಆಯುಸ್ಸನ್ನು ಎಣಿಸುವ ಪದ್ಧತಿ ಹುಟ್ಟುತ್ತಿರಲಿಲ್ಲ.

ಕಾವ್ಯಮಾರ್ಗದಲ್ಲಿ ಶರತ್ತಿಗೆ ಎರಡು ಕೆಲಸಗಳುಂಟು. ಒಂದು, ಪ್ರಸನ್ನತೆ. ಮಳೆಗಾಲದಲ್ಲಿ ಕದಡಿದ ನೀರು ಅಗಸ್ತ್ಯೋದಯದಿಂದ ತಿಳಿಯಾಗುವುದೆಂಬುದು ಕವಿಗಳೆಲ್ಲರೂ ಒಪ್ಪಿದ ಮಾತು. ಋತುಸಂಹಾರದ ಮೂರನೆಯ ಸರ್ಗದಲ್ಲಿ ಕಾಳಿದಾಸನು ಈ ತಿಳಿಯನ್ನೇ ಹಲವು ಬಗೆಯಾಗಿ ತೋರಿಸಿದ್ದಾನೆ. ರಾಜಶೇಖರನು ಕಾವ್ಯಮೀಮಾಂಸೆಯ ಕಾಲವಿಭಾಗ ಪ್ರಕರಣದಲ್ಲಿ ಯಾವ ಋತುವಿನಲ್ಲಿ ಏನೇನನ್ನು ವರ್ಣಿಸಬೇಕೆಂಬುದನ್ನು ಪಟ್ಟಿಮಾಡಿಯೇ ಕೊಟ್ಟಿರುವನು. ಇನ್ನೊಂದು, ಜೈತ್ರಯಾತ್ರೆ. ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಶ್ರೀರಾಮನು ಪ್ರಸ್ರವಣಗಿರಿಯಲ್ಲಿ ಮಳೆಗಾಲವನ್ನು ಕಳೆದು ಶರತ್ತು ಬಂದೊಡನೆ ಸುಗ್ರೀವನ ವಿಳಂಬಕ್ಕೆ ಅಸಹನೆಗೊಳ್ಳುವನು. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಹೊಳೆಗಳನ್ನು ದಾಟುವಂತೆಯೂ ಹಾದಿಗಳ ಕೆಸರು ಆರುವಂತೆಯೂ ಮಾಡಿದ ಶರತ್ತೇ ರಘುವನ್ನು ದಿಗ್ವಿಜಯಕ್ಕೆ ಪ್ರೇರಿಸುವುದು. ನವರಾತ್ರಿಯ ಕಡೆಗೆ ವಿಜಯದಶಮಿಯಂದು ನಡೆಯುವ ಸೀಮೋಲ್ಲಂಘನವು ಈ ರಾಜಶರತ್ತಿನ ಲೋಕರೂಢಿಯ ಶೇಷ. ಆ ಶರತ್ತಿನ ಸಾರವೆಂದರೆ ಎಲ್ಲೆಯನ್ನು ದಾಟುವುದು.

ದಂಡಿಯು ಕಾವ್ಯಾದರ್ಶದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಾದಿಗಳನ್ನು ಮಹಾಕಾವ್ಯದ ಅಂಗಗಳೆಂದು ವಿಧಿಸಿದನು. ಅವನ ಜಾಡಿನಲ್ಲಿ ನಡೆದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಮೂಲಕ ಆ ವಿಧಿಯು ಕನ್ನಡಕ್ಕೂ ಇಳಿಯಿತು. ಚಂಪೂಕವಿಗಳ ಅಷ್ಟಾದಶವರ್ಣನೆಗಳಲ್ಲಿ ಋತುವು ಹೀಗೆ ಒಂದು ಅಂಗವಾಯಿತು. ಪಂಪನಂಥ ಮಹಾಕವಿಯ ಕೈಯಲ್ಲಿ ಅದು ಜೀವಂತವಾಗಿಯೇ ಇದ್ದಿತು. ಸಾಮಾನ್ಯ ಕವಿಗಳ ಕೈಯಲ್ಲಿ ಅದು ಕಥೆಯ ಅಗತ್ಯಕ್ಕಿಂತ ಹೆಚ್ಚಾಗಿ ಲಕ್ಷಣದ ಅಗತ್ಯವನ್ನು ಪೂರೈಸುವ ಸಾಮಗ್ರಿಯಾಗಿ ಪರಿಣಮಿಸಿತು.

ಇಂಗ್ಲಿಷ್ ಕಾವ್ಯದ ಪರಿಚಯವಾದ ಬಳಿಕ ಇವೆರಡರ ಮೇಲೆ ಮೂರನೆಯ ಅರ್ಥವೊಂದು ಬಂದು ಕುಳಿತಿದೆ. ಆ ದೇಶಗಳಲ್ಲಿ ಎಲೆ ಹಣ್ಣಾಗಿ ಉದುರುವ ಕಾಲವನ್ನು ‘ಶರತ್ತು’ ಎಂದು ಭಾಷಾಂತರಿಸುವ ಪದ್ಧತಿಯಿಂದ ಶರತ್ತೆಂದರೆ ಉದುರುವಿಕೆ, ಉದುರುವಿಕೆಯೆಂದರೆ ವಿಷಾದ ಎಂಬ ಸಮೀಕರಣವು ವಾಚಕರ ಮನಸ್ಸಿನಲ್ಲಿ ನಿಂತಿತು. ಆದರೆ ೧೮೧೯ರಲ್ಲಿ ಕೀಟ್ಸ್ ಕವಿಯು ಆ ಋತುವನ್ನು ಕುರಿತು ರಚಿಸಿದ ಪ್ರಸಿದ್ಧ ಪ್ರಗಾಥದಲ್ಲಿಯೂ ಪ್ರಧಾನವಾದುದು ಮಾಗುವಿಕೆಯೇ. ಕನ್ನಡನಾಡಿನಲ್ಲಂತೂ ಗಿಡಮರಗಳು ಬಹುಮಟ್ಟಿಗೆ ಬರಿದಾಗುವುದು ಶಿಶಿರದಲ್ಲಿ, ಯುಗಾದಿಗೆ ಮುಂಚೆ. ಆಶ್ವೀಜ ಕಾರ್ತಿಕಗಳಲ್ಲಿ ಅಲ್ಲ. ಆದಕಾರಣ ಕಲ್ಯಾಣೋತ್ತರ ವಚನಗಳನ್ನು ಶರತ್ತಿನವೆಂದು ಕರೆದು, ಆ ಮಾತಿನಿಂದಲೇ ಅವನ್ನು ಉದುರಿದ ಎಲೆಗಳೆಂದು ಭಾವಿಸುವುದು ಈ ನೆಲದ ಅನುಭವಕ್ಕೆ ವಿರುದ್ಧವಾದುದು.

(೩)

ಈ ನೆಲದ ಅನುಭವವು ಎಂಥದು? ವಿಜಯಪುರ ಸೀಮೆಯಲ್ಲಿ ಮುಂಗಾರಿನ ಮಳೆ ನಂಬುವಂಥದ್ದಲ್ಲ. ಜೂನ್ ಜುಲೈಗಳಿಗಿಂತ ಸೆಪ್ಟೆಂಬರಿನಲ್ಲಿ ಇಲ್ಲಿ ಮಳೆ ಹೆಚ್ಚು. ಆಷಾಢ ಶ್ರಾವಣಗಳಲ್ಲಿ ಕೃಷ್ಣೆಯು ತುಂಬಿ ಕೆಂಪಾಗಿ ಹರಿಯುವುದುಂಟು. ಆದರೆ ಅದು ಸಹ್ಯಾದ್ರಿಯ ಮೇಲೆ ಬಿದ್ದ ಮಳೆಯ ನೀರೇ ಹೊರತು ದಡದ ಹೊಲಗಳ ಮೇಲೆ ಬಿದ್ದುದಲ್ಲ. ಹೊಳೆಯಲ್ಲಿ ನೆರೆ, ಹೊಲದಲ್ಲಿ ಬಾಯಾರಿಕೆ ಎಂಬ ವಿಚಿತ್ರವು ಈ ಸೀಮೆಯ ಒಕ್ಕಲಿಗರಿಗೆ ಹೊಸದಲ್ಲ.

ಉತ್ತರಿ, ಹಸ್ತ, ಚಿತ್ತಗಳ ಮಳೆ ಬಂದಾಗ ಎರೆಭೂಮಿಯು ಆ ನೀರನ್ನು ಕುಡಿದು ಒಳಗೆ ಹಿಡಿದಿಟ್ಟುಕೊಳ್ಳುವುದು. ಅನಂತರ ಹದ ನೋಡಿ ಹಿಂಗಾರಿಯ ಬಿಳಿಜೋಳವನ್ನು ಬಿತ್ತುವರು. ಬಿತ್ತಿದ ಮೇಲೆ ಮೇಲಿನಿಂದ ಮಳೆ ಬರುವುದು ಅಪರೂಪ. ಪೈರು ಬೆಳೆಯುವುದು ಎರೆಯೊಳಗೆ ಅಡಗಿದ ಹಸಿಯಿಂದ. ಅದಕ್ಕೆ ಒದಗಿಬರುವುದು ಇಬ್ಬನಿ, ಚಳಿ. ಆಶ್ವೀಜದ ಸೀಗಿಹುಣ್ಣಿಮೆಯಂದು ಒಕ್ಕಲಿಗರು ಹೊಲಕ್ಕೆ ಬುತ್ತಿ ಒಯ್ದು ಭೂತಾಯಿಯನ್ನು ಪೂಜಿಸಿ ಚರಗ ಚೆಲ್ಲುವರು. ಕಾವ್ಯದ ಶರತ್ತು ಅರಸನನ್ನು ಎಲ್ಲೆಯಾಚೆಗೆ ಕಳುಹಿಸಿದರೆ ಎರೆಸೀಮೆಯ ಶರತ್ತು ಒಕ್ಕಲಿಗನನ್ನು ತನ್ನ ಹೊಲದೊಳಕ್ಕೆ ಕರೆಯುವುದು.

ಈ ಕೃಷಿವಿವರಗಳನ್ನು ಇಲ್ಲಿ ಹೇಳಿದುದಕ್ಕೆ ಕಾರಣವುಂಟು. ಮೇಲೆ ಮಳೆಯಿಲ್ಲದೆ ಒಳಗಿನ ಹಸಿಯಿಂದಲೇ ಬೆಳೆಯುವ ಪೈರೊಂದು ಉಂಟೆಂಬುದನ್ನು ಬಲ್ಲವರು, ಗುರುವೂ ಗೋಷ್ಠಿಯೂ ಕಣ್ಮರೆಯಾದ ಮೇಲೆ ಬೆಳೆದ ವಚನಗಳನ್ನು ಬತ್ತಿದ ಪೈರೆಂದು ಕರೆಯುವುದಕ್ಕೆ ಮುನ್ನ ಒಮ್ಮೆ ನೆಲವನ್ನು ಅಗೆದು ನೋಡುವರು.

(೪)

ಇನ್ನು ಶರಣಗೋಷ್ಠಿಯಲ್ಲಿ ಪ್ರಕೃತಿಯು ನಡೆದುಬಂದ ದಾರಿ. ವಚನಗಳಲ್ಲಿ ಋತುವರ್ಣನೆಯೆಂಬ ಪ್ರತ್ಯೇಕ ಅಂಗವಿಲ್ಲ. ಹಾಗೆಂದು ಅಲ್ಲಿ ಪ್ರಕೃತಿಯಿಲ್ಲವೆನ್ನುವಂತಿಲ್ಲ. ಅದು ವರ್ಣ್ಯವಾಗಿ ನಿಲ್ಲದೆ ಸಾಧನೆಯ ಉಪಕರಣವಾಗಿ ಬಂದಿದೆ. ಈ ಉಪಕರಣದ ಬಳಕೆಯಲ್ಲಿ ಒಂದು ಕ್ರಮವನ್ನು ಗುರುತಿಸಬಹುದು.

ಮೊದಲ ಮೆಟ್ಟಿಲು ದಾನಭಾವ. ಜೇಡರ ದಾಸಿಮಯ್ಯನವರ ವಚನವೊಂದು ಇಳೆಯನ್ನೂ ಬೆಳೆಯನ್ನೂ ಗಾಳಿಯನ್ನೂ ರಾಮನಾಥನ ಕೊಡುಗೆಗಳೆಂದು ಹೇಳಿ, ಉಂಡವರು ಅನ್ಯರನ್ನು ಹೊಗಳುವುದನ್ನು ಖಂಡಿಸುವುದು. ಇಲ್ಲಿ ಪ್ರಕೃತಿಯು ಕೊಟ್ಟವನ ಗುರುತು. ಎರಡನೆಯದು ದೃಷ್ಟಾಂತ. ಬಸವಣ್ಣನವರಲ್ಲಿ ನೀರೊಳಗೆ ಅಡಗಿದ ಬೆಂಕಿ, ಸಸಿಯೊಳಗಿನ ರುಚಿ, ಮೊಗ್ಗಿನೊಳಗಿನ ಕಂಪು ಇವು ಭಕ್ತನಲ್ಲಿ ಅಡಗಿದ ದೈವವನ್ನು ತೋರಿಸುವುವು. ಚಕೋರ ಚಂದ್ರರ, ಕಮಲ ಸೂರ್ಯರ ಹಳೆಯ ಜೋಡಿಗಳೂ ಅವರಲ್ಲಿ ಭಕ್ತಿಯ ಹೊಸ ಕೆಲಸಕ್ಕೆ ನಿಯುಕ್ತವಾಗಿವೆ. ಕವಿಸಮಯವನ್ನು ಅವರು ತಿರಸ್ಕರಿಸಲಿಲ್ಲ. ರಾಜಸಭೆಯಿಂದ ಬಿಡಿಸಿ ಮನೆಯಂಗಳಕ್ಕೆ ತಂದರು.

ಮೂರನೆಯದು ಕಾಯಕ. ಒಕ್ಕಲಿಗ ಮುದ್ದಣ್ಣನವರು ಹೊಲ ಬೀಜಗಳ ಮಾತಿನಲ್ಲಿಯೂ, ತುರುಗಾಹಿ ರಾಮಣ್ಣನವರು ಹಸುಗಳ ಮಾತಿನಲ್ಲಿಯೂ, ಅಂಬಿಗರ ಚೌಡಯ್ಯನವರು ಹೊಳೆ ದೋಣಿಗಳ ಮಾತಿನಲ್ಲಿಯೂ ತತ್ತ್ವವನ್ನು ನುಡಿದರು. ಪಂಡಿತನು ಪ್ರಕೃತಿಯನ್ನು ಕಣ್ಣಿನಿಂದ ಬಲ್ಲನು, ಇವರು ಕೈಯಿಂದ ಬಲ್ಲವರು. ಕನ್ನಡ ಸಾಹಿತ್ಯಕ್ಕೆ ಶರಣಗೋಷ್ಠಿಯು ಕೊಟ್ಟ ಕಾಣಿಕೆಗಳಲ್ಲಿ ಇದು ಸಣ್ಣದಲ್ಲ. ವರ್ಣನೆಗೆ ವಿಷಯವಾಗಿದ್ದ ಹೊಲಕ್ಕೆ ಇಲ್ಲಿ ಮೊದಲಬಾರಿಗೆ ಉಳುವವನ ಬಾಯಿಯೇ ದೊರೆಯಿತೆನ್ನಬೇಕು.

ನಾಲ್ಕನೆಯದು ಸಂಬೋಧನೆ. ಅಕ್ಕಮಹಾದೇವಿಯವರು ಗಿಳಿ, ಕೋಗಿಲೆ, ದುಂಬಿ, ಹಂಸ, ನವಿಲುಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುವರು. ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ಪುರೂರವನು ಊರ್ವಶಿಯನ್ನು ಕಳೆದುಕೊಂಡು ಕಾಡಿನ ಪ್ರಾಣಿಪಕ್ಷಿಗಳನ್ನು ಕೇಳುತ್ತ ತಿರುಗುವುದು ಸಂಸ್ಕೃತಜ್ಞರಿಗೆ ಒಡನೆ ನೆನಪಾಗುವುದು. ಸಾಮ್ಯವಿದ್ದರೂ ಭೇದವು ದೊಡ್ಡದು. ಪುರೂರವನಿಗೆ ಅದು ಉನ್ಮಾದ; ಉನ್ಮಾದ ಇಳಿದರೆ ಕಾಡು ಮತ್ತೆ ಕಾಡಾಗುವುದು. ಅಕ್ಕನವರಿಗೆ ಅದು ಸಾಧನೆಯ ಒಂದು ಘಟ್ಟ. ಅಲ್ಲಿಂದ ಮುಂದಕ್ಕೆ ಹೋದಾಗ ವನವೂ ವನದೊಳಗಿನ ಮರಗಳೂ ಮೃಗಪಕ್ಷಿಗಳೂ ದೇವರೇ ಆಗಿ ಕಾಣುವುವು. ಕೇಳಿಸಿಕೊಳ್ಳುವುದೂ ಕೇಳಲ್ಪಡುವುದೂ ಒಂದೇ ಆದ ಮೇಲೆ ಪ್ರಶ್ನೆಗೆ ತಾವಿಲ್ಲ.

ಐದನೆಯದು ಬೆಡಗು. ಅಲ್ಲಮಪ್ರಭುಗಳಲ್ಲಿ ಪ್ರಕೃತಿಯ ವಸ್ತುಗಳು ತಮ್ಮ ಲೋಕಸಿದ್ಧವಾದ ಸಂಬಂಧಗಳನ್ನು ಕಳೆದುಕೊಂಡು ವಿಪರೀತವಾಗಿ ಕೂಡುವುವು. ಮಾಮರ ಕೋಗಿಲೆಗಳ, ಬೆಟ್ಟದ ನೆಲ್ಲಿ ಸಮುದ್ರದ ಉಪ್ಪುಗಳ ಸಂಬಂಧವನ್ನೇ ಪ್ರಶ್ನಿಸಿದ ಆ ದೃಷ್ಟಿಯು ವಸ್ತುವನ್ನು ವಸ್ತುವಾಗಿ ನಿಲ್ಲಗೊಡದು. ಪ್ರಕೃತಿಯನ್ನು ಹಿಡಿದು ಪ್ರಕೃತಿಯನ್ನೇ ಕಳೆಯುವ ಮಾರ್ಗವಿದು. ದಾನದಿಂದ ದೃಷ್ಟಾಂತ, ದೃಷ್ಟಾಂತದಿಂದ ಕಾಯಕ, ಕಾಯಕದಿಂದ ಸಂಬೋಧನೆ, ಸಂಬೋಧನೆಯಿಂದ ಬೆಡಗು ಎಂಬ ಈ ಸೋಪಾನವು ಕಾಲಕ್ರಮವೆಂದು ಹಟಹಿಡಿಯಬೇಕಾಗಿಲ್ಲ, ಏಕೆಂದರೆ ಇವರಲ್ಲಿ ಹಲವರು ಸಮಕಾಲೀನರು. ಇದು ಭಾವಕ್ರಮ. ಈ ಕ್ರಮವು ಎಲ್ಲಿ ಮುಗಿಯಬೇಕೆಂಬುದಕ್ಕೆ ಉತ್ತರವಿರುವುದು ನೀಲಮ್ಮನವರಲ್ಲಿ.

(೫)

ನೀಲಮ್ಮನವರ ವಚನಗಳನ್ನು ಒಟ್ಟಾಗಿ ಓದಿದವರಿಗೆ ಮೊದಲು ತೋರುವುದು ಅವುಗಳ ಬರಿದು. ಉಪಮಾನಗಳು ವಿರಳ. ಒಂದೇ ಮಾತು ಸ್ವಲ್ಪ ಸ್ವಲ್ಪವೇ ಬದಲಾಗಿ ಮತ್ತೆ ಮತ್ತೆ ಬರುವುದು. ಬಸವನೆಂಬ ಹೆಸರು, ಕುರುಹು ಅಳಿಯಿತೆಂಬ ನುಡಿ, ಹೆಣ್ಣೆಂಬ ನಾಮವು ತನಗೆ ಉಳಿಯಲಿಲ್ಲವೆಂಬ ಉಕ್ತಿ, ಬಯಲೆಂಬ ಪದ: ಇವೇ ಅವುಗಳ ಹುರಿ. ಅಕ್ಕನವರ ಕಾಡಿನಿಂದ ಇಲ್ಲಿಗೆ ಬಂದ ವಾಚಕನಿಗೆ ಗಿಡಮರಗಳಿಲ್ಲದ ಬಟ್ಟಬಯಲಿಗೆ ಬಂದಂತಾಗುವುದು ಸಹಜ.

ಆದರೆ ‘ಬಯಲು’ ಎಂಬ ಈ ಪದದಲ್ಲಿಯೇ ವಿಚಾರದ ಕೀಲಿದೆ. ಷಟ್ಸ್ಥಲಶಾಸ್ತ್ರದಲ್ಲಿ ಬಯಲೆಂದರೆ ಶೂನ್ಯ, ನಿರಾಕಾರ. ಆಡುಮಾತಿನಲ್ಲಿ ಬಯಲೆಂದರೆ ಮರೆಯಿಲ್ಲದ ನೆಲ, ಕಣ್ಣು ಹೋಗುವಷ್ಟು ದೂರ ಹರಡಿದ ತೆರಪು. ಸಂಸ್ಕೃತದ ಶೂನ್ಯಶಬ್ದಕ್ಕೆ ಮುಖ್ಯವಾಗಿ ಇಲ್ಲದಿರುವಿಕೆಯ ಅರ್ಥವುಂಟು. ಕನ್ನಡದ ಬಯಲಿಗೆ ಇರುವಿಕೆಯ ಅರ್ಥವುಂಟು. ಬಯಲು ಇಲ್ಲದ ವಸ್ತುವಲ್ಲ, ಅಡ್ಡಿಯಿಲ್ಲದ ವಸ್ತು. ಬಾಗೇವಾಡಿಯಿಂದ ಕೃಷ್ಣೆಯವರೆಗಿನ ಎರೆಸೀಮೆಯನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸ್ತ್ರದ ಅತಿಸೂಕ್ಷ್ಮವಾದ ತತ್ತ್ವವನ್ನು ಹೇಳುವುದಕ್ಕೆ ಶರಣರು ತಮ್ಮ ಕಣ್ಣೆದುರಿನ ನೆಲದ ಹೆಸರನ್ನೇ ಆರಿಸಿಕೊಂಡರು. ಆದಕಾರಣ ನೀಲಮ್ಮನವರಲ್ಲಿ ಪ್ರಕೃತಿಯು ಬತ್ತಿಹೋಯಿತೆಂಬ ಆಕ್ಷೇಪಕ್ಕೆ ಸಮಾಧಾನವಿಷ್ಟು: ಪ್ರಕೃತಿಯ ಬಿಡಿವಸ್ತುಗಳು ಹೋದುವು, ಅವುಗಳನ್ನು ಹೊತ್ತಿದ್ದ ನೆಲವು ಉಳಿಯಿತು. ಮರವನ್ನು ಕುರಿತ ವಚನ, ಹಕ್ಕಿಯನ್ನು ಕುರಿತ ವಚನ ಎಂದು ಎಣಿಸುವವರಿಗೆ ಈ ನೆಲವು ಲೆಕ್ಕಕ್ಕೆ ಸಿಕ್ಕದಿರುವುದು ಎಣಿಕೆಯ ದೋಷವೇ ಹೊರತು ವಚನದ ದೋಷವಲ್ಲ.

ಎರಡನೆಯ ಆಕ್ಷೇಪವೆಂದರೆ ಪ್ರಲಾಪ. ಇಲ್ಲಿ ಸಂಪ್ರದಾಯದ ಕಥೆಯನ್ನು ಸ್ಮರಿಸಬೇಕು. ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ಬಂದ ಬಸವಣ್ಣನವರು ನೀಲಮ್ಮನವರನ್ನು ಕರೆತರುವಂತೆ ಅಪ್ಪಣ್ಣನವರನ್ನು ಕಳುಹಿಸಿದರೆಂದೂ, ಇವರು ಕೃಷ್ಣೆಯ ಈಚೆಯ ದಡಕ್ಕೆ ಬರುವಷ್ಟರಲ್ಲಿ ಬಸವಣ್ಣನವರು ಸಂಗಮನಾಥನಲ್ಲಿ ಐಕ್ಯರಾದ ಸುದ್ದಿ ತಲುಪಿತೆಂದೂ, ಅಲ್ಲಿರುವ ಸಂಗಯ್ಯನು ಇಲ್ಲಿಯೂ ಇರುವನಲ್ಲವೇ ಎಂಬ ಭಾವದಿಂದ ನೀಲಮ್ಮನವರು ತಂಗಡಗಿಯಲ್ಲಿಯೇ ತಮ್ಮ ಇಷ್ಟಲಿಂಗದಲ್ಲಿ ಒಂದಾದರೆಂದೂ ಆ ಕಥೆ. ಕೃಷ್ಣೆ ಮಲಪ್ರಭೆಗಳ ಸಂಗಮವು ಆಚೆಯ ದಡದಲ್ಲಿದೆ, ತಂಗಡಗಿ ಈಚೆಯ ದಡದಲ್ಲಿದೆ. ಕಥೆಯ ಹೃದಯವಿರುವುದು ಈ ಒಂದು ಭೂಗೋಳದ ಸಂಗತಿಯಲ್ಲಿ: ಅವರು ಹೊಳೆಯನ್ನು ದಾಟಲಿಲ್ಲ.

ಕಾವ್ಯದ ರಾಜನು ಶರತ್ತಿನಲ್ಲಿ ಹೊಳೆಯನ್ನು ದಾಟುವನು. ಅವನ ಮಹಿಮೆ ಎಲ್ಲೆಯಾಚೆಗೆ. ಅದೇ ಯುಗದ ಕನ್ನಡನಾಡಿನಲ್ಲಿ ಪತಿಯೊಡನೆ ಪ್ರಾಣಬಿಟ್ಟ ಸತಿಯರಿಗೆ ಮಾಸತಿಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಅಂಥ ಸತಿಯ ಮಹಿಮೆ ಪತಿಯ ಚಿತೆಯ ಬಳಿ. ನೀಲಮ್ಮನವರ ಕಥೆಯು ಈ ಎರಡು ಮಾದರಿಗಳನ್ನೂ ಒಪ್ಪುವುದಿಲ್ಲ. ಅವರು ಪತಿಯ ಐಕ್ಯಸ್ಥಳದವರೆಗೂ ಹೋಗಲಿಲ್ಲ. ತಮ್ಮ ಲಿಂಗವಿದ್ದೆಡೆಯೇ ಸಂಗಮವೆಂದು ನಿಂತರು. ಶರಣನು ಸತಿ, ಲಿಂಗವು ಪತಿ ಎಂಬ ವೀರಶೈವಸಿದ್ಧಾಂತದಂತೆ ಗಂಡಸರೂ ಹೆಂಗಸರೂ ಸತಿಯರೇ. ಇತರ ಶರಣರಿಗೆ ಅದು ಭಾವನೆಯಿಂದ ಸಾಧಿಸಬೇಕಾದ ಮಾತು. ನೀಲಮ್ಮನವರಿಗಾದರೆ ಲೋಕದ ಪತಿಯೂ ಉಂಟು, ಲಿಂಗಪತಿಯೂ ಉಂಟು. ಇವೆರಡರ ನಡುವಣ ಇಕ್ಕಟ್ಟನ್ನು ಬಿಡಿಸುವ ಕೆಲಸವು ಅವರ ವಚನಗಳಲ್ಲಿ ನಡೆದಿದೆ. ಹೆಣ್ಣೆಂಬ ನಾಮವು ಅಳಿಯಿತೆಂಬ ಮಾತು ಶೋಕದ ಉತ್ಪ್ರೇಕ್ಷೆಯಲ್ಲ, ಆ ಬಿಡಿಸುವಿಕೆಯ ಫಲ. ವಿಧವೆಯ ಪ್ರಲಾಪವಾಗಿದ್ದರೆ ಅದು ಅಗಲಿಕೆಯನ್ನು ಬೆಳೆಸುತ್ತಿತ್ತು. ಇಲ್ಲಿ ಅಗಲುವುದಕ್ಕೆ ಬೇಕಾದ ಇಬ್ಬರು ಎಂಬುದೇ ಕರಗುತ್ತ ಹೋಗುವುದು.

ಹೀಗೆಂದು ಎಲ್ಲ ವಚನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು. ಕೆಲವು ವಚನಗಳು ಷಟ್ಸ್ಥಲದ ಪಾರಿಭಾಷಿಕ ಪದಗಳ ಬರಿಯ ಜೋಡಣೆಯಂತಿವೆ. ಕೆಲವುಗಳಲ್ಲಿ ಪುನರಾವೃತ್ತಿಯು ಭಾವವನ್ನು ಆಳಗೊಳಿಸದೆ ದಣಿಸುವುದು. ಉತ್ತಮವಾದವುಗಳಲ್ಲಿ ಅದೇ ಪುನರಾವೃತ್ತಿಯು ಬೀಸುವ ಕಲ್ಲಿನ ಸುತ್ತಿನಂತೆ ಸುತ್ತುಸುತ್ತಿಗೂ ಮಾತನ್ನು ನುಣ್ಣಗೆ ಮಾಡುವುದು. ಈ ಎರಡನ್ನೂ ಬೇರ್ಪಡಿಸಿ ತೋರಿಸುವುದು ವಿಮರ್ಶಕನ ಕರ್ತವ್ಯ. ಒಟ್ಟಿಗೆ ಹೊಗಳುವುದಾಗಲಿ ಒಟ್ಟಿಗೆ ಕೈಬಿಡುವುದಾಗಲಿ ಸುಲಭದ ದಾರಿ.

(೬)

ಅಂಕಿತಗಳ ವಿಚಾರವು ಈ ಸಿದ್ಧಾಂತವನ್ನು ಬಲಪಡಿಸುವುದು. ಬಸವಣ್ಣನವರ ಅಂಕಿತವು ‘ಕೂಡಲಸಂಗಮದೇವ’. ಕೂಡಲು ಎಂದರೆ ಹೊಳೆಗಳು ಕೂಡುವ ತಾಣ. ಆ ಅಂಕಿತದಲ್ಲಿ ಒಂದು ಊರಿದೆ, ಎರಡು ಹೊಳೆಗಳಿವೆ. ನೀಲಮ್ಮನವರ ಅಂಕಿತವು ‘ಸಂಗಯ್ಯ’. ದೇವನು ಅವನೇ, ಆದರೆ ಕೂಡಲೆಂಬ ಸ್ಥಳವಾಚಕವು ಬಿಟ್ಟುಹೋಗಿ ಮನೆಯ ಹಿರಿಯರನ್ನು ಕರೆಯುವ ‘ಅಯ್ಯ’ ಎಂಬ ಆಪ್ತವಾದ ಕರೆಯು ಉಳಿದಿದೆ. ಸ್ಥಳವು ಹೆಸರಿನಲ್ಲಿ ಕಳಚಿದೆ. ಕಥೆಯಲ್ಲಿಯೂ ಹೊಳೆಯನ್ನು ದಾಟುವ ಅಗತ್ಯವು ಕಳಚಿದೆ. ಕಥೆಯು ಅಂಕಿತದಿಂದ ಹುಟ್ಟಿತೋ ಅಂಕಿತವು ಕಥೆಗೆ ಒಪ್ಪಿತೋ ಎಂಬ ವಾದವೇನೇ ಇರಲಿ, ಎರಡೂ ಹೇಳುವ ಮಾತು ಒಂದೇ.

ಅಪ್ಪಣ್ಣನವರ ಅಂಕಿತವು ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’. ಇಲ್ಲಿ ಕೂಡಲು ಉಳಿದಿದೆ, ಜತೆಗೆ ಬಸವನೂ ಸೇರಿದ್ದಾನೆ. ಅವರ ಪುಣ್ಯಸ್ತ್ರೀ ಲಿಂಗಮ್ಮನವರ ಅಂಕಿತವು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಇಲ್ಲಿ ಕೂಡಲು ಮತ್ತೆ ಕಳಚಿ ಅಪ್ಪಣ್ಣನವರು ಸೇರಿದ್ದಾರೆ. ಕ್ಷೇತ್ರದ ಹೆಸರಿದ್ದ ಎಡೆಗೆ ಶರಣರ ಹೆಸರು ಬರುತ್ತ ಹೋದುದನ್ನು ಇಲ್ಲಿ ಕಾಣಬಹುದು. ಕಲ್ಯಾಣದ ನೆಲೆ ತಪ್ಪಿದ ಮೇಲೆ ಗೋಷ್ಠಿಗೆ ಉಳಿದುದು ಊರಲ್ಲ, ಒಬ್ಬರನ್ನೊಬ್ಬರು ಹಿಡಿದ ಕೈ. ಲಿಂಗಮ್ಮನವರ ಬೋಧೆಯ ವಚನಗಳಲ್ಲಿ ಮನೋನಿಗ್ರಹವೇ ಪ್ರಧಾನ ವಿಷಯವಾಗಿರುವುದೂ ಇದಕ್ಕೆ ಒಪ್ಪುವುದು. ಹೊರಗಿನ ಮಂಟಪವು ಇಲ್ಲವಾದಾಗ ಒಳಗಿನ ಮಂಟಪವನ್ನು ಕಟ್ಟಿಕೊಳ್ಳಬೇಕಾಯಿತು. ಹಡಪ ಹಿಡಿದ ಸೇವಕರೂ ಅವರ ಪತ್ನಿಯೂ ಈ ಕೆಲಸದಲ್ಲಿ ಮಹಾಮಂತ್ರಿಯ ಪತ್ನಿಯೊಡನೆ ಒಂದೇ ಸಾಲಿನಲ್ಲಿ ನಿಂತಿರುವುದು ಆ ಗೋಷ್ಠಿಯ ನಡೆ ನುಡಿಗಳು ಒಂದಾಗಿದ್ದುದಕ್ಕೆ ಸಾಕ್ಷಿ.

(೭)

ಇಲ್ಲಿ ಕೆಲವು ಆಕ್ಷೇಪಗಳು ಏಳಬಹುದು. ಇವರ ಹೆಸರಿನಲ್ಲಿರುವ ವಚನಗಳೆಲ್ಲವೂ ಇವರವೇ ಎಂಬುದಕ್ಕೆ ಪ್ರಮಾಣವೇನು ಎಂಬುದು ಒಂದು. ವಚನಗಳ ಓಲೆಪ್ರತಿಗಳು ರಚನೆಯ ಕಾಲಕ್ಕಿಂತ ಬಹಳ ಈಚಿನವು. ಸಂಕಲನಕಾರರ ಕೈವಾಡವು ಎಲ್ಲ ವಚನಕಾರರ ವಿಷಯದಲ್ಲಿಯೂ ಶಂಕಿಸಬಹುದಾದುದೇ. ಆದರೆ ಇದರಿಂದ ಪ್ರಕೃತ ಸಿದ್ಧಾಂತಕ್ಕೆ ಬಾಧೆಯಿಲ್ಲ. ಕೆಲವು ವಚನಗಳು ಈಚಿನವರು ಸೇರಿಸಿದವೆಂದು ಒಪ್ಪಿದರೂ, ನೀಲಮ್ಮನವರ ಬಾಯಲ್ಲಿ ಯಾವ ಮಾತು ಒಪ್ಪುವುದೆಂದು ಗೋಷ್ಠಿಯು ತಿಳಿದಿತ್ತೋ ಆ ಮಾತು ಅಲ್ಲಿದೆ. ವಿಮರ್ಶೆಯ ವಿಷಯವು ಆ ತಿಳಿವಳಿಕೆ.

ಬಯಲೆಂಬುದು ಪರಿಭಾಷೆಯಷ್ಟೆ, ಅದರಲ್ಲಿ ನೆಲವನ್ನು ಹುಡುಕುವುದು ಕ್ಲಿಷ್ಟಕಲ್ಪನೆಯೆಂಬುದು ಇನ್ನೊಂದು. ಪರಿಭಾಷೆಯಾದ ಮಾತ್ರಕ್ಕೆ ಪದದ ಹುಟ್ಟುಗುಣ ಅಳಿಯುವುದಿಲ್ಲ. ರಸವೆಂಬುದು ಅಲಂಕಾರಶಾಸ್ತ್ರದ ಪರಿಭಾಷೆಯಾದರೂ ನಾಲಗೆಯ ರುಚಿಯನ್ನು ಬಿಟ್ಟು ಅದನ್ನು ವಿವರಿಸಿದ ಆಚಾರ್ಯರಿಲ್ಲ. ಭರತಮುನಿಯೇ ವ್ಯಂಜನೌಷಧಿಗಳ ಪಾಕವನ್ನು ದೃಷ್ಟಾಂತವಾಗಿ ಕೊಟ್ಟಿರುವನು. ಬಯಲಿಗೂ ಅದೇ ನ್ಯಾಯವು ಸಲ್ಲುವುದು.

ಬರಿದಾದ ಮಾತನ್ನು ಪರಿಣತಿಯೆಂದು ಹೊಗಳಿದರೆ ಬರಿದಾದ ಕವಿತೆಗಳೆಲ್ಲವೂ ಪರಿಣತಿಯಾದಾವು ಎಂಬ ಮೂರನೆಯ ಆಕ್ಷೇಪವು ಗೌರವಾರ್ಹವಾದುದು. ಇದಕ್ಕೆ ಒರೆಗಲ್ಲು ಒಂದೇ: ಬರಿದಾಗುವುದಕ್ಕೆ ಮುಂಚೆ ತುಂಬಿದ್ದಿತೇ? ಮಳೆಯನ್ನು ಕುಡಿಯದ ನೆಲದಲ್ಲಿ ಹಿಂಗಾರಿಯ ಪೈರು ಏಳುವುದಿಲ್ಲ. ನೀಲಮ್ಮನವರ ವಚನಗಳಲ್ಲಿ ಬಸವಣ್ಣನವರ ನುಡಿಗಟ್ಟೂ, ಪ್ರಸಾದದ ಭಾವವೂ, ಗೋಷ್ಠಿಯ ಪ್ರಶ್ನೋತ್ತರದ ಲಯವೂ ಹಸಿಯಾಗಿ ನಿಂತಿರುವುದನ್ನು ಎರಡನ್ನೂ ಜತೆಗಿಟ್ಟು ಓದಿದವರು ಕಾಣಬಲ್ಲರು.

(೮)

ಗೋಷ್ಠಿಯ ಮುಂದಿನ ನಡೆಯನ್ನು ಸಂಕ್ಷೇಪವಾಗಿ ಹೇಳಬಹುದು. ಚದುರಿದ ಶರಣರ ಮಾತುಗಳು ಓಲೆಗಳಲ್ಲಿ ಉಳಿದುವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಅವನ್ನು ಸಂವಾದರೂಪವಾಗಿ ಜೋಡಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮರಳಿ ಪರಿಷ್ಕರಿಸಿದರು. ಸಂಪಾದನೆ ಮಾಡಿದುದು ಶೂನ್ಯವನ್ನು ಎಂಬ ಆ ಗ್ರಂಥನಾಮದಲ್ಲಿಯೇ ಬಯಲನ್ನು ಬೆಳೆಯುವ ಹೊಲವೆಂದು ತಿಳಿದ ದೃಷ್ಟಿಯಿದೆ. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿದ್ದುಕೊಂಡು ಓಲೆಪ್ರತಿಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದರು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ೧೫ ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಶಿವಶರಣೆಯರಿಗೇ ಪ್ರತ್ಯೇಕವಾದೊಂದು ಸಂಪುಟವು ಸಂದಿತು. ಬಿತ್ತಿದ ಸೀಮೆಯಲ್ಲಿಯೇ ಒಕ್ಕಣೆಯ ಮೊದಲ ಕಣವು ಹಸನಾದುದು ಗಮನಾರ್ಹ.

ನೆಲದ ರೂಪವೂ ಬದಲಾಗಿದೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮದವರೆಗೆ ನಿಂತು, ಬಸವಣ್ಣನವರ ಐಕ್ಯಮಂಟಪವನ್ನು ನೀರಿನ ನಡುವೆ ಗೋಡೆ ಕಟ್ಟಿ ರಕ್ಷಿಸಬೇಕಾಯಿತು. ಮಳೆಗಾಲದಲ್ಲಿ ಕೆಂಪಾಗಿ ಹರಿದು ಶರತ್ತಿನಲ್ಲಿ ತಿಳಿಯಾಗಿ ಇಳಿಯುತ್ತಿದ್ದ ಹೊಳೆಯ ಹಳೆಯ ಕ್ರಮವು ಈ ಭಾಗದಲ್ಲಿ ಮೊದಲಿನಂತಿಲ್ಲ. ಎರೆಯಲ್ಲಿ ಹಿಂಗಾರಿಯ ಬಿತ್ತನೆಯು ಮಾತ್ರ ಇಂದಿಗೂ ಆಶ್ವೀಜದ ಹದವನ್ನೇ ಕಾಯುವುದು.

ಇಷ್ಟರಿಂದ ನಿಷ್ಪನ್ನವಾಗುವ ಅಂಶಗಳು ಮೂರು. ಕಲ್ಯಾಣೋತ್ತರ ವಚನಗಳನ್ನು ಇಳಿಗಾಲದ ಶೇಷವೆಂದು ಎಣಿಸುವುದು ಶರತ್ತಿನ ಶಾಸ್ತ್ರಾರ್ಥಕ್ಕೂ ಈ ನೆಲದ ಅನುಭವಕ್ಕೂ ಹೊಂದದು. ವಚನಗಳಲ್ಲಿ ಪ್ರಕೃತಿಯು ದಾನದಿಂದ ಬಯಲಿನವರೆಗೆ ನಡೆದ ದಾರಿಯಲ್ಲಿ ನೀಲಮ್ಮನವರ ಬರಿದು ಕೊನೆಯ ಮೆಟ್ಟಿಲು, ಮುರಿದ ಮೆಟ್ಟಿಲಲ್ಲ. ಅವರ ವಚನಗಳಿಗೆ ಪತಿವಿಯೋಗವು ನಿಮಿತ್ತವಾದರೂ ಅವುಗಳ ಅರ್ಥವು ಅಷ್ಟರಲ್ಲೇ ಮುಗಿಯುವುದಿಲ್ಲ. ಆದುದರಿಂದ ಅಧ್ಯಾಪಕರು ಇವನ್ನು ಬಸವಣ್ಣನವರ ಚರಿತ್ರೆಯ ಕಡೆಯಲ್ಲಿ ಕಥೆಯ ಉಪಸಂಹಾರಕ್ಕಾಗಿ ಓದಿಸುವ ಬದಲು, ಅಕ್ಕಮಹಾದೇವಿಯವರ ವನದ ವಚನಗಳನ್ನೂ ಅಲ್ಲಮಪ್ರಭುಗಳ ಬೆಡಗನ್ನೂ ಓದಿಸಿದ ಕೂಡಲೇ ಅವುಗಳ ಮುಂದಿನ ಪಾಠವಾಗಿ ಓದಿಸುವುದು ಯುಕ್ತ. ಕಾಡನ್ನು ಕಂಡ ಕಣ್ಣಿಗೆ ಬಯಲು ಏನೆಂಬುದು ಆಗ ವಿದ್ಯಾರ್ಥಿಗಳಿಗೆ ತಾನಾಗಿ ತಿಳಿಯುವುದು.